ತಾಳವಾಡಿಯ ನಂಜೆ

ಏಪ್ರಿಲ್ 16, ಬುಧವಾರ. ಪರ್ತ್

ಫ್ರೀಮ್ಯಾಂಟಲ್ ಬಂದರಿನಲ್ಲಿ ಮತ್ತೆ ಕ್ರೇನ್ ಕೈಕೊಟ್ಟಿತು. ಆಪರೇಟರ್ ಮೇಲೆ ಕೂಗಾಡಿದೆ. ನಾಳೆ ಬ್ರಿಸ್ಬೇನ್ ಫ್ಲೈಟ್. ಈಸ್ಟರ್ ರಜೆಗೆ ಅಲ್ಲೇ ಪಕ್ಕದ ಇಪ್ಸ್‌ವಿಚ್‌ನ ತಂಗಿ ಅಹಲ್ಯಾ ಮನೆಯಲ್ಲಿ ಸೇರಿ ತಾಳವಾಡಿಯ ಜಮೀನು ಪಾಲು ಮಾಡಿಕೊಳ್ಳಬೇಕು. ಅವಳು ತನಗೇನೂ ಬೇಡ ಎಂದಿದ್ದಾಳೆ. ನಾವು ಕನ್ನಡದವರು, ಊರು ತಮಿಳುನಾಡಿನದು — ಲೆಕ್ಕವೆಲ್ಲ ನಂಜೆ, ಪುಂಜೆ. ಕೆರೆ ನೀರಿನ ಗದ್ದೆ, ನಂಜೆ, ನನಗೇ. ಮಳೆ ನಂಬಿದ ಹೊಲ, ಪುಂಜೆ, ತಮ್ಮ ಪವನನಿಗೆ. ಊರಿನ ಊಟದಲ್ಲಿ ಮೊದಲ ಎಲೆ ನಂಜೆಯವನಿಗೆ. ಹಿರಿಮಗ ನಾನು. ಇದರಲ್ಲಿ ಮಾತಿಲ್ಲ.

ಏಪ್ರಿಲ್ 19, ಶನಿವಾರ. ಇಪ್ಸ್‌ವಿಚ್

ಹೊಡೆದೆ. ಹಿತ್ತಲಿನ ಬಾರ್ಬೆಕ್ಯೂ ಒಲೆ ಎದುರಿಗೇ. ಪವನ ಜೋಳದ ತೆನೆ ತಿರುವುತ್ತಿದ್ದ. “ಅಣ್ಣ, ನೀನು ನಂಜೆ ತಗೋಬೇಡ. ಒಂದ್ನಿಮಿಷ ಕೇಳು…”

ಕೇಳುವುದೇನು? ಅಡಿಲೇಡ್‌ನಲ್ಲಿ ಮನೆ ಆಯಿತು, ಈಗ ನಂಜೆಯ ಮೇಲೆ ಕಣ್ಣು. ದವಡೆಗೆ ಒಂದು. ಬಿದ್ದ ಮೇಲೆ ಮತ್ತೊಂದು. ಮೂಳೆ ಲಟಕ್ಕೆಂದದ್ದು ಕೇಳಿಸಿತು. ನಿಲ್ಲಿಸಲಿಲ್ಲ. ಅಹಲ್ಯಾ ನನ್ನ ಕೂದಲು ಹಿಡಿದೆಳೆದಳು. “ಸಾಯಿಸ್ಬಿಡ್ತೀಯಾ ನಟಣ್ಣ, ಬಿಡು ಅವ್ನನ್ನ.”

ಆಸ್ಪತ್ರೆಯಲ್ಲಿ ಪವನ, ಜಾರಿ ಬಿದ್ದೆ ಎಂದು ಸನ್ನೆ ಮಾಡಿದನಂತೆ. ಅಣ್ಣನನ್ನು ಬಿಟ್ಟುಕೊಡಲಿಲ್ಲ.

ಏಪ್ರಿಲ್ 24. ಪರ್ತ್

ಪವನನ ದವಡೆಗೆ ತಂತಿ ಬಿಗಿದಿದ್ದಾರೆ. ಆರು ವಾರ ಬಾಯಿ ತೆಗೆಯುವ ಹಾಗಿಲ್ಲ. ಅಹಲ್ಯಾ ಫೋನಿನಲ್ಲಿ, “ನಂಜೆ ನೀನೇ ಇಟ್ಕೋ. ತೃಪ್ತಿನಾ?” ಗೆದ್ದೆ. ಊಟ ಸೇರಲಿಲ್ಲ.

ಮೇ 9, ಶುಕ್ರವಾರ

ಊರಿನಿಂದ ಚಿಕ್ಕಪ್ಪನ ಮಗ ಯಶವಂತ ವಿಡಿಯೊದಲ್ಲಿ ಜಮೀನು ತೋರಿಸಿದ. ಕೆರೆ ಒಣಗಿ ಎಷ್ಟೋ ವರ್ಷವಾಗಿದೆ. ಗದ್ದೆ ತುಂಬ ಜಾಲಿ. ಪುಂಜೆಯಲ್ಲಿ ಬೋರ್‌ವೆಲ್, ಎದೆಮಟ್ಟದ ಬಾಳೆ. “ಹೆಸ್ರಿಗೆ ಮಾತ್ರ ನಂಜೆ ಕಣಣ್ಣ. ಪವನ ಹೋದ ವರ್ಷ ಬಂದು ನೋಡಿದ್ನಲ್ಲ.”

ಗೊತ್ತಿತ್ತು ಅವನಿಗೆ. ನನ್ನನ್ನು ಕುರಿ ಮಾಡಿದ. ಮೈ ಉರಿಯುತ್ತಿದೆ. ನಾಳೆ ಅಡಿಲೇಡ್.

ಮೇ 10, ಶನಿವಾರ. ಅಡಿಲೇಡ್, ಪೊಲೀಸ್ ಸ್ಟೇಷನ್

ಕೈಗೆ ಬ್ಯಾಂಡೇಜ್. ಮಾಸನ್ ಲೇಕ್ಸ್‌ನಲ್ಲಿ ಪವನನ ಬಾಗಿಲ ಗಾಜು ಒಡೆದು ನುಗ್ಗಿದೆ. ಕೊರಳಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದೆ. “ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ? ಬಾಯ್ಬಿಡೋ.” ತಂತಿ ಬಿಗಿದ ಹಲ್ಲಿನ ಸಂದಿಯಿಂದ ರಕ್ತ ಬಂತು. ಮಾತು ಬರಲಿಲ್ಲ.

ಅವನ ಮಗಳು ಇಂಚರಾ ಕ್ರಿಕೆಟ್ ಬ್ಯಾಟ್‌ನಿಂದ ನನ್ನ ಬೆನ್ನಿಗೆ ಬಾರಿಸಿದಳು. “ಹಿ ಟ್ರೈಡ್ ಟು ಟೆಲ್ ಯು, ದೊಡ್ಡಪ್ಪ. ಹಿ ವಾಂಟೆಡ್ ಯು ಟು ಹ್ಯಾವ್ ದಿ ಗುಡ್ ಒನ್.”

ನಂಜೆ ಬೇಡ ಎಂದದ್ದು ಅದಕ್ಕೆ, ನೀರಿರುವ ಪುಂಜೆ ನನಗೆ ಸಿಗಲಿ ಎಂದು. ಮಾತು ಮುಗಿಸಲು ನಾನೇ ಬಿಡಲಿಲ್ಲ. ಕೈ ತಾನಾಗಿ ಸಡಿಲಾಯಿತು.

ಅಕ್ಕಪಕ್ಕದವರು ಕರೆಸಿದ ಪೊಲೀಸ್ ನನ್ನನ್ನು ತೋರಿಸಿ ಪವನನನ್ನು ಕೇಳಿದ, “ಈಸ್ ದಿಸ್ ಯುವರ್ ಬ್ರದರ್?”

ಪವನ ನನ್ನನ್ನೇ ನೋಡಿದ. ಆಮೇಲೆ ತಲೆ ಅಲ್ಲಾಡಿಸಿದ. ಅಲ್ಲ ಅಂತ.

ಒಳಗೆ ಕರೆಯುತ್ತಿದ್ದಾರೆ. ಪೆನ್ನು ಕೊಡಬೇಕಂತೆ. ಪವನಾ, ನಂಜೆ ಪುಂಜೆ ಎರಡೂ ನೀನೇ ತಗೋ, ಇನ್ನೊಂದು ಸಲ ನನ್ನನ್ನು ಅಣ್ಣ ಅಂತ