ಕೋಂ

12 ಜನವರಿ 1976, ಸೋಮವಾರ

ಹಾಲು ಉಕ್ಕಿತು. ಒಲೆ ಒರೆಸಿದೆ. ಅಜ್ಜಂಪುರದ ಈ ಬಾಡಿಗೆ ಮನೆಗೆ ಬಂದು ಹದಿಮೂರು ತಿಂಗಳು.

ಮಧ್ಯಾಹ್ನ ಪಹಣಿ ನಕಲು ಬಂತು. ಕೆರೆ ಕೆಳಗಿನ ಹನ್ನೆರಡು ಎಕರೆ ನನ್ನ ಹೆಸರಿಗೆ. ಮೊದಲೆಲ್ಲ ಕಾಗದದಲ್ಲಿ ನಾನು ದಾಕ್ಷಾಯಣಮ್ಮ ಕೋಂ, ಆಮೇಲೆ ಅವರ ಹೆಸರು (ಬರೆಯುವುದಿಲ್ಲ). ಕೋಂ ಅಂದರೆ ಇಂಥವರ ಹೆಂಡತಿ. ಈಗ ‘ಬಿನ್ ತೀರ್ಥಪ್ಪ’. ಗಂಡುಮಕ್ಕಳಿಗೆ ಹಾಕುವ ಬಿನ್. ಅಪ್ಪ ಸತ್ತು ಒಂಬತ್ತು ವರ್ಷ, ಮತ್ತೆ ಅವನಿಗೆ ಹುಟ್ಟಿದ್ದೇನೆ. ಅದೂ ಗಂಡಾಗಿ.

ಎಲ್ಲ ಸುಳ್ಳು. ನನಗೂ ಗೊತ್ತು, ಅವರಿಗೂ ಗೊತ್ತು, ಅತ್ತೆಗೂ ಗೊತ್ತು. ಕುಟುಂಬಕ್ಕೆ ಇಷ್ಟೇ ಜಮೀನು ಅನ್ನುವ ಸೀಲಿಂಗ್ ಕಾಯ್ದೆ ಬಂತು. ಗಂಡ ಹೆಂಡತಿ ಒಂದೇ ಕುಟುಂಬ ಅಂದರೆ ಹೆಚ್ಚಿನ ಜಮೀನು ಸರ್ಕಾರಕ್ಕೆ. ಅದಕ್ಕೇ ಹಳೇ ಛಾಪಾ ಕಾಗದ ಹುಡುಕಿ ತಂದು, ಹಿಂದಿನ ತಾರೀಖು ಹಾಕಿಸಿ, ಗಂಡ ಹೆಂಡತಿ ಬೇರೆಯಾದೆವು ಅಂತ ಬಿಡುಗಡೆ ಪತ್ರ ಬರೆಸಿದರು. ಜೀವನಾಂಶ ಅಂತ ಹನ್ನೆರಡು ಎಕರೆ. “ಬರೀ ಕಾಗ್ದ ಕಣೇ” ಅಂದರು. ಎಸ್ಸೆಸ್ಸೆಲ್ಸಿ ಪಾಸಾದವಳು, ಓದಿಯೇ ಸಹಿ ಹಾಕಿದೆ. ಭಯ ಅದಕ್ಕೇ.

21 ಜನವರಿ

ಅವರು ಊಟಕ್ಕೆ ಬಂದಿದ್ದರು. ಎರಡು ತುತ್ತು ಉಂಡಿರಲಿಲ್ಲ, ಕಂದಾಯದ ಶೇಕ್‌ದಾರರು ಬೀದಿ ತಿರುವಿನಲ್ಲಿ. ಇವರು ಹಿತ್ತಲ ಬಾಗಿಲಿಂದ ಬರಿಗಾಲಲ್ಲಿ ಓಡಿದರು. ಎಂಜಲು ಕೈ. ತಟ್ಟೆ ಮುಚ್ಚಿಟ್ಟೆ, ಚಪ್ಪಲಿ ಮರೆತೆ.

“ಯಾರ್ದಮ್ಮ ಈ ಗಂಡಸ್ರ ಚಪ್ಪಲಿ?”

ಮನೆ ಓನರ್ ಶರೀಫುನ್ನೀಸಾ ಬೀ ಇರುವುದು ಪಕ್ಕದ ಭಾಗದಲ್ಲಿ, ನಡುವೆ ಒಂದೇ ಗೋಡೆ. ಹೊಲಿಯುತ್ತಿದ್ದ ಬ್ಲೌಸು ಹಿಡಿದುಕೊಂಡೇ ಬಂದರು. “ನಮ್ಮ ಮಗಂದು ಸಾಬ್, ಎಲ್ಲಂದ್ರಲ್ಲಿ ಬಿಡ್ತಾನೆ.” ಮಗ ಭದ್ರಾವತಿ ಸೇರಿ ಎರಡು ವರ್ಷ.

ನಮ್ಮವರ ಹೆಸರು ಹಿಡಿದು, ಬಂದು ಹೋಗಿ ಮಾಡ್ತಾನಾ ಅಂತ ಕೇಳಿದರು ಶೇಕ್‌ದಾರರು. ಇಲ್ಲ ಅಂದೆ. ಬರೆದುಕೊಂಡರು. “ಸುಳ್ಳಾದ್ರೆ ಈಗ ಎಮರ್ಜೆನ್ಸಿ ಕಣಮ್ಮ. ಗಂಡ-ಹೆಂಡ್ತಿ ಇಬ್ರೂ ಒಳಗೋಗ್ತೀರಿ.”

ಗಂಡ-ಹೆಂಡ್ತಿ ಅಂದರಲ್ಲ… ಆ ಹೆದರಿಕೆಯಲ್ಲೂ ಒಂಚೂರು ಖುಷಿಯಾಯಿತು. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

19 ಫೆಬ್ರವರಿ

ಹನ್ನೊಂದು ದಿನ ಮುಂದೆ ಹೋಗಿದೆ. ಗಾಬರಿಗೆ ಹಾಗಾಗುತ್ತದೆ ಅಂತಾರೆ. ಅಷ್ಟೇ ಇರಬೇಕು.

3 ಮಾರ್ಚ್

ಅಷ್ಟೇ ಅಲ್ಲ. ಬೆಳಿಗ್ಗೆ ಬಚ್ಚಲಲ್ಲಿ ವಾಂತಿ. ಗೋಡೆಯಾಚೆಯಿಂದ ಬೀ ಕೇಳಿದರು, “ಎಷ್ಟು ತಿಂಗ್ಳು ಬೇಟಿ?”

ಮದುವೆಯಾಗಿ ಏಳು ವರ್ಷ. ಎಷ್ಟು ಹರಕೆ, ಎಷ್ಟು ಕಷಾಯ. ಜೊತೆಗಿದ್ದಾಗ ಬಾರದ್ದು, ಬೇರೆ ಇದ್ದೇವೆ ಅಂತ ಸರ್ಕಾರಕ್ಕೆ ಬರೆದುಕೊಟ್ಟ ಮೇಲೆ ಬಂದಿದೆ. ಒಬ್ಬಳೇ ಕೂತು ನಕ್ಕೆ. ಆಮೇಲೆ ಪತ್ರದ ತಾರೀಖು ನೆನಪಾಯಿತು. 1973. ಮೂರು ವರ್ಷದ ಹಿಂದೆ ಗಂಡನನ್ನು ಬಿಟ್ಟವಳ ಹೊಟ್ಟೆ ತುಂಬಿದರೆ ಊರು ಏನನ್ನುತ್ತದೆ? ಮಗು ಯಾರದನ್ನುತ್ತದೆ?

14 ಮಾರ್ಚ್

ಅವರಿಗೆ ಹೇಳಿದೆ. ಮುಖ ಅರಳಿತು. ನಿಜವಾಗಿ ಅರಳಿತು, ನೋಡಿದ್ದೇನೆ. ಮರುಗಳಿಗೆ ಎದ್ದು ಬಾಗಿಲು ಹಾಕಿದರು.

“ಜಮೀನಿನ ಕೇಸು ಹಿಯರಿಂಗ್ ಆಗೋವರ್ಗೂ ಹೊಟ್ಟೆ ಕಾಣ್ಬಾರ್ದು ಕಣೇ.”

“ಅದೇನು ನಾನು ಹೇಳ್ದಂಗೆ ಕೇಳುತ್ತಾ?”

“ಕಡೂರಲ್ಲಿ ಲೇಡಿ ಡಾಕ್ಟ್ರಿದಾರಂತೆ. ತೆಗ್ಸೋಕೆ ಈಗ ಕಾನೂನೇ ಐತಂತೆ. ಇನ್ನೊಂದ್ಸಲ ಆಯ್ತದೆ ಬಿಡು.”

ಇನ್ನೊಂದ್ಸಲ. ಅವರನ್ನು ಬೈಯಲೂ ಆಗಲಿಲ್ಲ, ನನಗಿಂತ ಹೆಚ್ಚು ಬೆವರುತ್ತಿದ್ದರು. ಹೋಗಲ್ಲ ಅಂದೆ.

28 ಮಾರ್ಚ್, ಭಾನುವಾರ

ಅತ್ತೆ ಸಾವಿತ್ರಮ್ಮ ಬಂದಿದ್ದರು. ಒಳಗೆ ಬರಲಿಲ್ಲ, ಜಗುಲಿ ಮೇಲೇ ಕೂತರು. ಕಡೂರಿನಲ್ಲಿ ಹುಡುಗಿ ನೋಡಿಕೊಂಡು ಬಂದಿದ್ದಾರಂತೆ. ಮಗನೂ ಜೊತೆಗೆ ಹೋಗಿದ್ದನಂತೆ.

“ಜನ ನಂಬ್ಬೇಕಲ್ಲ. ಇನ್ನೊಂದು ಮದ್ವೆ ಆದ್ರೆ ಯಾವ ಆಫೀಸ್ನೋನೂ ಕೇಳಲ್ಲ.”

“ಮತ್ತೆ ನಾನು?”

“ನೀವು ಸಹಿ ಹಾಕಿದೀರಲ್ಲಮ್ಮ.”

ಏಳು ವರ್ಷ ‘ಲೇ ದಾಕ್ಷಾಯಣಿ’ ಅಂದ ಬಾಯಿ. ‘ನೀವು’ ಅಂದಾಗಲೇ ತಿಳಿಯಿತು, ಆ ಮನೆಯಿಂದ ನಾನು ಹೊರಗೆ. ಹೊಟ್ಟೆಯ ವಿಷಯ ಮಗ ಹೇಳಿಲ್ಲ. ನಾನೂ ಹೇಳಲಿಲ್ಲ, ಸೆರಗು ಎಳೆದುಕೊಂಡೆ. ಹೇಳಿದ್ದರೆ, ನಮ್ಮದಲ್ಲ ಅಂದುಬಿಟ್ಟಿದ್ದರೆ…

19 ಏಪ್ರಿಲ್

ಮೂರು ವಾರ ಏನೂ ಬರೆಯಲಾಗಲಿಲ್ಲ. ಅವರೂ ಬಂದಿಲ್ಲ. ನೋಟಿಸ್ ಬಂತು. 27ಕ್ಕೆ ತರೀಕೆರೆಯಲ್ಲಿ ಟ್ರಿಬ್ಯುನಲ್. ವಕೀಲರು ಹೇಳಿಕಳಿಸಿದ್ದಾರೆ: ತಾಳಿ ಹಾಕಿಕೊಂಡು ಬರಬೇಡಿ, ಎರಡೇ ಮಾತು ಸಾಕು. ಬೇರೆ ಇದ್ದೀವಿ. ಸಂಬಂಧ ಇಲ್ಲ.

ಹೆಂಡತಿ ಅಂದರೆ ಜಮೀನು ಹೋಗುತ್ತದೆ, ಇಬ್ಬರೂ ಜೈಲು. ಅಲ್ಲ ಅಂದರೆ ಕಡೂರಿನ ಹುಡುಗಿ ಒಳಗೆ, ನಾನು ಹನ್ನೆರಡು ಎಕರೆ ಇಟ್ಟುಕೊಂಡು ಅಪ್ಪನ ಹೆಸರು ಹೇಳಲಾಗದ ಮಗು ಹೆರಬೇಕು. ಎರಡಕ್ಕೂ ಭಯ. ನಿದ್ದೆ ಇಲ್ಲ.

ಬೀ ಅಂದರು, “ಹೆಸ್ರು ಹೇಳ್ಬಿಡು.” ಗಂಡನ ಹೆಸರು ಇವತ್ತಿನವರೆಗೆ ಬಾಯಲ್ಲಿ ಹೇಳಿಲ್ಲ ಅಂದೆ. ಈ ಡೈರಿಯಲ್ಲೂ ಇಲ್ಲ. “ನಮ್ಮಲ್ಲೂ ಹೇಳಲ್ಲ ಬೇಟಿ. ಹೆರಿಗೆ ಆಸ್ಪತ್ರೇಲಿ ಚೀಟಿ ಬರೆಯೋರು ಕೇಳಿದ್ರು, ಹೇಳ್ದೆ.”

27 ಏಪ್ರಿಲ್, ಮಂಗಳವಾರ, ಹನ್ನೊಂದು ಗಂಟೆ

ತರೀಕೆರೆ. ಆಫೀಸಿನ ಜಗುಲಿ. ಬರೆಯುತ್ತಿರುವುದು ಬೀ ಕೊಟ್ಟ, ಬಟ್ಟೆಗೆ ಗುರುತು ಹಾಕುವ ಪೆನ್ಸಿಲಿನಲ್ಲಿ. ಬೆಳಿಗ್ಗೆ ಅಕ್ಕಿ ಡಬ್ಬದಿಂದ ತಾಳಿ ತೆಗೆದು ಹಾಕಿಕೊಂಡೆ. ಬಸ್ಸಿನಲ್ಲಿ ಸೆರಗಿನೊಳಗಿತ್ತು, ಈಗ ಹೊರಗೆ.

ಎದುರು ಬೆಂಚಿನಲ್ಲಿ ಅವರು, ಪಕ್ಕದಲ್ಲಿ ವಕೀಲರು. ನಮ್ಮವರು ತಾಳಿ ನೋಡಿದರು, ಹೊಟ್ಟೆ ನೋಡಿದರು, ಆಮೇಲೆ ನೆಲ ನೋಡಿದರು. ಬೇಡ ಅಂತ ತಲೆ ಆಡಿಸಿದರೋ, ನೊಣ ಓಡಿಸಿದರೋ ಗೊತ್ತಾಗಲಿಲ್ಲ. ದನಿಯೇ ಬರದಿದ್ದರೆ?

ಜವಾನ ಕೂಗುತ್ತಿದ್ದಾನೆ. ದಾಕ್ಷಾಯಣಮ್ಮ ಬಿನ್ ತೀರ್ಥಪ್ಪ.

ಏಳಲಿಲ್ಲ. ಇನ್ನೊಂದು ಸಲ ಕೂಗಿದ. ಬಾಯಿಗಿಂತ ಮೊದಲು ಕೈಗೆ ಬರಲಿ. ಒಂದು ಸಲ ಬರೆದು, ನೋಡಿಕೊಂಡು, ಒಳಗೆ ಹೋಗಿ ಹೇಳುತ್ತೇನೆ.

ದಾಕ್ಷಾಯಣಮ್ಮ ಕೋಂ ಜಯದೇ…