ಕೆಂಪು ಜರ್ಸಿಯ ಆಗಸ್ಟ್

ಆಗಸ್ಟ್ ೪, ಸೋಮವಾರ, ಮಧ್ಯಾಹ್ನ

ಬೆರಳಿಗೆ ಟೇಪ್ ಸುತ್ತಿದೆ. ಬಿಗಿಯಾಯಿತು. ಬಿಚ್ಚಿದೆ. ಮತ್ತೆ ಸುತ್ತಿದರೆ ಸಡಿಲ. ಮೋಸ್ ಪಕ್ಕದ ಬೆಂಚಿನಲ್ಲಿ ಕೂತು ನೋಡುತ್ತಿದ್ದ. ಮೋಸ್ ಟ್ಯಾಕೆಟ್ ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ಸೆಂಟರ್, ಬಗ್ಗಿ ನಿಂತು ತನ್ನ ಕಾಲಿನ ಸಂದಿಯಿಂದ ಚೆಂಡನ್ನು ನನ್ನ ಕೈಗೆ ಕೊಡುವವನು. ಫ್ರಿಜ್ಜಿನಷ್ಟು ಅಗಲ.

“ಮದುವೆ ಹೆಣ್ಣಿಗೂ ಇಷ್ಟೊತ್ತು ಸಿಂಗಾರ ಮಾಡಲ್ಲ ತಾತ,” ಅಂದ.

ಇಪ್ಪತ್ತಮೂರಕ್ಕೇ ತಾತ. ಉಳಿದವರೆಲ್ಲ ಹತ್ತೊಂಬತ್ತು, ಇಪ್ಪತ್ತರವರು. ಅವರು ಹೈಸ್ಕೂಲಿನಲ್ಲಿದ್ದ ವಯಸ್ಸಿನಲ್ಲಿ ನಾನು ಶಾಲೆ ಬಿಟ್ಟು ಡ್ಯೂಯಿ ಮಾವನ ಜೊತೆ ಜನರ ಮನೆಗಳ ಚಾವಣಿ ಮೇಲೆ ಮೊಳೆ ಹೊಡೆಯುತ್ತಿದ್ದೆ. ಆಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿದ್ದು, ಜೂನಿಯರ್ ಕಾಲೇಜು, ಈಗ ಇಲ್ಲಿ. ಇದೇ ಕೊನೆಯ ವರ್ಷ. ಈ ಸಲ ಆಡಲಿಲ್ಲವೆಂದರೆ ಇನ್ನು ಆಟವೇ ಇಲ್ಲ, ಮಾವನ ಏಣಿ.

ಆ ಚೆಂಡು ಪಡೆದು ಎಸೆಯುವ ಕ್ವಾರ್ಟರ್‌ಬ್ಯಾಕ್ ಜಾಗ ಒಂದು. ಇರುವವರು ಇಬ್ಬರು — ನಾನು, ಲ್ಯಾಂಡ್ರಿ ವಾಸ್. ಯಾರೂ ಮುಂದಿಲ್ಲ ಯಾರೂ ಹಿಂದಿಲ್ಲ ಎಂದರು ಕೋಚ್ ಹ್ಯಾಸ್ಕ್ಯೂ. ನಂಬಿಕೆ ಬರಲಿಲ್ಲ. ಆದರೆ ಇವತ್ತು ಎಸೆದದ್ದೆಲ್ಲ ಓಡುವವರ ಎದೆಗೆ ಹೋಗಿ ಕೂತಿತು. ಬರೆದರೆ ನಾಳೆ ಕೆಡುತ್ತದೇನೋ… ಇರಲಿ. ಬರೆದೆ.

ಆಗಸ್ಟ್ ೬

ಕೆಂಪು ಜರ್ಸಿ ಕೊಟ್ಟರು. ನಮ್ಮಿಬ್ಬರಿಗೆ ಮಾತ್ರ. ಅಭ್ಯಾಸದಲ್ಲಿ ಕೆಂಪು ತೊಟ್ಟವನನ್ನು ಯಾರೂ ಕೆಡವುವಂತಿಲ್ಲ. ಹತ್ತಿರ ಬಂದು ಕೈ ತಾಗಿಸಿದರೆ ಸಾಕು, ಸೀಟಿ.

ತಲೆಗೆ ಇದು ಗೊತ್ತು. ಬೆನ್ನಿಗೆ ಗೊತ್ತಾಗುವುದಿಲ್ಲ. ಎದುರಿನಿಂದ, ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದೇ ಕೆಲಸವಾದ ಒಡೆಲ್ ಬರುತ್ತಿದ್ದಾನೆ ಎಂದು ಕಂಡ ಕೂಡಲೇ ಚೆಂಡು ನನ್ನ ಕೈಬಿಟ್ಟಿರುತ್ತದೆ. ಐದು ಗಜ, ಎಂಟು ಗಜ. ಸಣ್ಣ ಸಣ್ಣ ಎಸೆತ.

“ಯಾಕಪ್ಪಾ ಈ ಅವಸರ? ಯಾರೂ ಮುಟ್ಟಲ್ಲ ನಿನ್ನ. ನಿಂತು ನೋಡು,” ಅಂದರು ಕೋಚ್.

ಲ್ಯಾಂಡ್ರಿ ನಿಲ್ಲುತ್ತಾನೆ. ನಿಂತೇ ಇರುತ್ತಾನೆ, ದೂರದಲ್ಲಿ ಯಾರಾದರೂ ಒಂಟಿಯಾಗುವವರೆಗೆ. ಆಮೇಲೆ ಎಸೆದರೆ ಆಕಾಶ. ಸೀಟಿ ಊದಬೇಕಾದ ಸಹಾಯಕನೂ ಬಾಯಿ ತೆರೆದು ನೋಡುತ್ತಾನೆ. ಸೀಟಿ ಕೊರಳಲ್ಲಿ ತೂಗುತ್ತಿರುತ್ತದೆ. ಒಡೆಲ್ ಆಗಲೇ ಬಂದು ಅವನ ಪಕ್ಕ ಕೈ ಕಟ್ಟಿ ನಿಂತಿರುತ್ತಾನೆ, ಬಸ್ಸಿಗೆ ಕಾಯುವವನ ಹಾಗೆ.

ಸ್ನಾನದ ಮನೆಯಲ್ಲಿ ಒಡೆಲ್ ಹೇಳಿದ: “ಲ್ಯಾಂಡ್ರೀನ ಇವತ್ತು ಎಷ್ಟು ಸಲ ಮಣ್ಣು ಮುಕ್ಕಿಸ್ತಿದ್ನೋ ಗೊತ್ತಿಲ್ಲ. ಬಟ್ಟೆ ಬಣ್ಣ ಉಳಿಸ್ತು.”

ನಿದ್ದೆ ಬರುವವರೆಗೂ ಅದೇ ಮಾತು ತಿರುಗುತ್ತಿತ್ತು.

ಆಗಸ್ಟ್ ೧೦, ಭಾನುವಾರ

ಹೊಸ ಆಟಗಳ ಪುಸ್ತಕ ಕೊಟ್ಟಿದ್ದಾರೆ, ಯಾರು ಎತ್ತ ಓಡಬೇಕೆಂಬ ಲೆಕ್ಕ. ಇಟ್ಟಿಗೆ ದಪ್ಪ. ಅಕ್ಷರ ನನಗೆ ಇನ್ನೂ ನಿಧಾನ. ಒಂದು ಸಾಲು ಮುಗಿಸುವಷ್ಟರಲ್ಲಿ ಹಿಂದಿನದು ಜಾರುತ್ತದೆ. ಮೆಸ್ಸಿನಲ್ಲಿ ಒಬ್ಬನೇ ಬೆವರುತ್ತಿದ್ದೆ. ಲ್ಯಾಂಡ್ರಿ ತಟ್ಟೆ ತಂದು ಎದುರು ಕೂತ. ಪುಸ್ತಕ ಎಳೆದುಕೊಂಡು ಜೋರಾಗಿ ಓದತೊಡಗಿದ. ನಾನು ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಕೆಚಪ್ ಸೀಸೆಯನ್ನು ಆಟಗಾರರ ಹಾಗೆ ಮೇಜಿನ ಮೇಲೆ ಓಡಿಸಿದೆ. ಕಣ್ಣಿಗೆ ಬಿದ್ದದ್ದು ನನಗೆ ಮರೆಯುವುದಿಲ್ಲ. ಸಂಜೆಯ ಹೊತ್ತಿಗೆ ಅರ್ಧ ಇಟ್ಟಿಗೆ ತಲೆಯಲ್ಲಿತ್ತು.

ನನಗೇಕೆ ಓದಿ ಹೇಳುತ್ತೀಯ ಎಂದು ಕೇಳಿದೆ. ಕೇಳಬಾರದಿತ್ತೇನೋ.

“ಓದಿ ಹೇಳಿದ್ರೆ ನಂಗೂ ನೆನಪಿರತ್ತೆ ತಾತ. ಆಮೇಲೆ, ಪುಸ್ತಕ ಓದಕ್ಕಾಗದೆ ಸೋತ ಅಂತ ಆಗ್ಬಾರ್ದು. ನನ್ನ ಕೈಲಿ ಸೋತ ಅಂತ ಆಗ್ಬೇಕು.”

ನಕ್ಕೆವು. ಒಳ್ಳೆಯ ಹುಡುಗ. ಅದೇ ತೊಂದರೆ.

ಮೋಸ್ ಬಂದು ನಮ್ಮಿಬ್ಬರ ಹೆಗಲ ಮೇಲೂ ಒಂದೊಂದು ಕೈ ಹಾಕಿದ. ಇಲ್ಲಿ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್‌ನ ಹೆಸರನ್ನು ಕೋಚ್ ಗೋಡೆಗೆ ಅಂಟಿಸುವುದಿಲ್ಲ. ಮೊದಲ ಪಂದ್ಯದ ವಾರ ಶುರುವಾಗುವ ಭಾನುವಾರ, ಚೆಂಡು ಹಿಡಿದವನನ್ನು ಕಾಯುವ ಆ ಐದು ದಪ್ಪ ದೇಹದ ಲೈನ್‌ನವರಿಗೆ ಮಾತ್ರ ಹೇಳುತ್ತಾರೆ. ಅವರು ಖಾಲಿ ತಟ್ಟೆ ಬಡಿಯುತ್ತ ಅವನ ಕೋಣೆಗೆ ಬರುತ್ತಾರೆ. ಅವನು ಕ್ಯಾಟ್‌ಫಿಶ್ ಮೀನು ಕರಿದು ಅವರಿಗೆ ಬಡಿಸಬೇಕು. ವರ್ಷವಿಡೀ ಅವರು ಅವನಿಗಾಗಿ ಏಟು ತಿನ್ನುತ್ತಾರಲ್ಲ, ಅದಕ್ಕೆ.

ಯಾರು ಕರಿದರೂ ತನಗೆ ಹಿಟ್ಟು ದಪ್ಪಗಿರಬೇಕು, ಖಾರ ಮುಂದಿರಬೇಕು ಎಂದು ಮೋಸ್ ಇಬ್ಬರಿಗೂ ಈಗಲೇ ಆರ್ಡರ್ ಕೊಟ್ಟು ಹೋದ.

ಆಗಸ್ಟ್ ೧೬

ಬರೆಯಲು ಮನಸ್ಸಿರಲಿಲ್ಲ. ಇಡೀ ವಾರ ಮೊದಲ ತಂಡ ಲ್ಯಾಂಡ್ರಿಗೆ. ನನಗೆ ಎರಡನೆಯ ಸಾಲಿನವರು. ಇವರ ಸೆಂಟರ್ ಕೊಡುವ ಚೆಂಡು ಒಮ್ಮೆ ಮೊಣಕಾಲಿಗೆ, ಒಮ್ಮೆ ಮೂಗಿಗೆ.

ಆದರೂ ಎಸೆತ ತಪ್ಪಲಿಲ್ಲ. ಯಾಕೆ ಹೀಗೆ ಎಂದು ಗೊತ್ತಿಲ್ಲ.

ಮಾವ ಫೋನ್ ಮಾಡಿದ್ದ. ಸೆಪ್ಟೆಂಬರಿಗೆ ದೊಡ್ಡ ಚಾವಣಿ ಕೆಲಸ ಸಿಕ್ಕಿದೆ, ನಿನ್ನ ಜಾಗ ಇಟ್ಟಿರಲೇನೋ ಎಂದ. ಬೇಡ ಮಾವ, ಬೇರೆಯವರನ್ನು ನೋಡಿಕೋ ಎಂದೆ. ಅಷ್ಟು ಗಟ್ಟಿಯಾಗಿ. ಫೋನ್ ಇಟ್ಟ ಮೇಲೆ ಮತ್ತೆ ಕೈಗೆತ್ತಿಕೊಂಡೆ. ಆದರೆ ತಿರುಗಿ ಮಾಡಲಿಲ್ಲ.

ಕ್ವಾರ್ಟರ್‌ಬ್ಯಾಕ್ ಜಾಗ ನನ್ನದು. ಬರೆದಿದ್ದೇನೆ. ಹೊಡೆದು ಹಾಕುವುದಿಲ್ಲ.

ಆಗಸ್ಟ್ ೨೧, ಗುರುವಾರ

ಶನಿವಾರ ನಮ್ಮನಮ್ಮಲ್ಲೇ ಕೊನೆಯ ಪಂದ್ಯ. ಕೋಚ್ ಕೊನೆಗೆ ಹೇಳಿದರು — ಅವತ್ತು ಕೆಂಪು ಜರ್ಸಿ ಇಲ್ಲ. ಇಬ್ಬರೂ ಎಲ್ಲರ ಹಾಗೆ ಬಿಳಿ. ಯಾರು ಬೇಕಾದರೂ ಕೆಡವಬಹುದು. ಒಡೆಲ್ ಹಿಂದಿನ ಸಾಲಿನಲ್ಲಿ ಕೈ ಉಜ್ಜಿಕೊಂಡ, ಊಟದ ಮುಂದೆ ಕೂತವನ ಹಾಗೆ.

ಆಗಲೇ ಹೊಳೆಯಿತು. ಲ್ಯಾಂಡ್ರಿ ಇಷ್ಟು ದಿನ ನಿಂತದ್ದೆಲ್ಲ ಬಟ್ಟೆಯ ಧೈರ್ಯ. ಶನಿವಾರ ಒಡೆಲ್ ಅವನನ್ನು ಒಡೆದು ಹಾಕುತ್ತಾನೆ.

ಹೇಳಲೋ ಬೇಡವೋ. ಅವನಿಗೆ ಕಣ್ಣಿಲ್ಲವೇ? ಕೋಚ್‌ಗೆ ಇಲ್ಲವೇ? ನಾನೇಕೆ ಹೇಳಲಿ. ಹೇಳಿದರೆ ಅವನು ತಿದ್ದಿಕೊಳ್ಳುತ್ತಾನೆ, ನಾನು ಏಣಿ ಹತ್ತುತ್ತೇನೆ. ಹೇಳದಿದ್ದರೆ… ಅವನು ಓದಿದ ಆಟಗಳನ್ನೇ ನಾನು ಆಡುವುದು. ಸಂಜೆ ಮೆಸ್ಸಿನಲ್ಲಿ ತಟ್ಟೆ ಹಾಗೇ ಬಿಟ್ಟೆ. ಎದ್ದು ಅವನ ಮೇಜಿಗೆ ಹೋದೆ.

“ಚೆಂಡು ಬಹಳ ಹೊತ್ತು ಇಟ್ಕೋತೀಯ ಲ್ಯಾಂಡ್ರಿ. ಶನಿವಾರ ಸೀಟಿ ಊದಲ್ಲ.”

“ನಿಂಗೆ ನೆರಳು ಕಂಡ್ರೂ ಹೆದರಿಕೆ ತಾತ. ನಂಗೆ ಗೊತ್ತು ಬಿಡು.”

ನಗುತ್ತಲೇ ಅಂದ. ತನ್ನ ತಟ್ಟೆಯ ಬಿಸ್ಕೆಟ್ ಒಂದನ್ನು ನನಗೆ ಕೊಟ್ಟ. ಈಗ ಹಸಿವಾಯಿತು. ತಿಂದೆ.

ಆಗಸ್ಟ್ ೨೩, ಶನಿವಾರ, ಸಂಜೆ

ಪಕ್ಕೆ ನೋಯುತ್ತಿದೆ. ಕೂತು ಬರೆಯಲು ಆಗುತ್ತಿಲ್ಲ, ಒರಗಿಕೊಂಡಿದ್ದೇನೆ.

ಲ್ಯಾಂಡ್ರಿ ಮೊದಲು. ಎರಡು ಎಸೆತ ಚೆನ್ನಾಗಿತ್ತು. ಮೂರನೆಯದಕ್ಕೆ ನಿಂತ. ದೂರದವನು ಒಂಟಿಯಾಗಲಿ ಎಂದು ನಿಂತ. ಎಡಗಡೆಯಿಂದ ಒಡೆಲ್. ನನ್ನ ಬಾಯಿಂದ ಎಸೆಯೋ ಎಂಬ ಮಾತು ಬಂದೇಬಿಟ್ಟಿತು — ಕೇಳಿಸಿರಲಿಕ್ಕಿಲ್ಲ. ಗಾಳಿಗೆ ಬಾಗಿಲು ಬಡಿದುಕೊಂಡಂತೆ ಸದ್ದು. ಚೆಂಡು ಒಂದು ಕಡೆ, ಅವನು ಒಂದು ಕಡೆ. ಎದ್ದ. ಮುಂದಿನ ಸರದಿಯಲ್ಲೂ ಹಾಗೇ ನಿಂತ. ಹಾಗೇ ಬಿದ್ದ. ಅಂಚಿಗೆ ಬಂದು ನನ್ನ ಪಕ್ಕ ಕುಕ್ಕರಿಸಿದ.

“ಕಿವಿ ಸೀಟಿಗೆ ಕಾಯ್ತಿತ್ತು ಕಣೋ,” ಅಂದ.

ನನ್ನ ಸರದಿ. ಮೊದಲ ಸಾಲಿನವರನ್ನೇ ಕೊಟ್ಟರು. ಮೋಸ್ ಚೆಂಡು ಕೊಟ್ಟ ಕೂಡಲೇ ಎಲ್ಲ ಮೇಜಿನ ಮೇಲಿದ್ದಂತೆ ಕಂಡಿತು — ಉಪ್ಪು ಬಲಕ್ಕೆ, ಮೆಣಸು ನಡುವಿಗೆ. ಎಸೆದೆ. ಎಸೆದೆ. ಮತ್ತೆ ಎಸೆದೆ. ಯಾವುದೂ ಹತ್ತು ಗಜ ಮೀರಲಿಲ್ಲ. ಯಾವುದೂ ನೆಲಕ್ಕೆ ಬೀಳಲಿಲ್ಲ. ದಾಟಿದರೆ ಅಂಕ ಸಿಗುವ ಗೆರೆಯ ಹತ್ತಿರ ನಾನೂ ಒಡೆಲ್ ಕೈಗೆ ಸಿಕ್ಕಿದೆ. ಬಿಡಲಿಲ್ಲ ಪುಣ್ಯಾತ್ಮ. ಇಷ್ಟು ದಿನ ಹೆದರಿದ್ದ ಏಟು, ಪೂರ್ತಿ ಬಂತು. ಬೆನ್ನ ಮೇಲೆ ಬಿದ್ದೆ, ಅವನು ನನ್ನ ಮೇಲೆ. ಹೆದರಿದ್ದಕ್ಕಿಂತ ಕಮ್ಮಿಯೇ ಇತ್ತು.

“ಚೆಂಡೆಲ್ಲೋ?” ಅಂದ.

“ಹಿಂದೆ ತಿರುಗಿ ನೋಡು. ಗೆರೆ ದಾಟ್ತಿದೆ.”

ನನ್ನ ದನಿಯೇ. ನನಗೇ ಆಶ್ಚರ್ಯ. ಮೋಸ್ ಬಂದು ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಿ ಬೆನ್ನಿನ ಹುಲ್ಲು ಕೊಡವಿದ.

ಕೋಚ್ ಹೋಗುವಾಗ ಹತ್ತಿರ ಬಂದು, “ಅವಸರ ಅಂದಿದ್ದೆನಲ್ಲ, ಅದನ್ನ ಮರೆತುಬಿಡು,” ಅಂದರು. ಅಷ್ಟೇ. ಅದಕ್ಕೇನರ್ಥ? ಸರ್, ಹಾಗಾದರೆ… ಎಂದು ಕೇಳುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಆಗಸ್ಟ್ ೨೪, ಭಾನುವಾರ, ಸಂಜೆ

ಮಧ್ಯಾಹ್ನ ಮೀನು ತಂದೆ. ಕೋಚ್ ಐವರಿಗೆ ಹೆಸರು ಹೇಳುವ ಭಾನುವಾರ ಇವತ್ತೇ. ಯಾರೂ ಬರದಿದ್ದರೆ ಒಬ್ಬನೇ ಏನು ಮಾಡಲಿ ಇಷ್ಟನ್ನು? ಆದರೆ ಹಿಂದಿರುಗಿಸಲಿಲ್ಲ. ಜೋಳದ ಹಿಟ್ಟು ಕಲಸಿಟ್ಟಿದ್ದೇನೆ, ದಪ್ಪಗೆ, ಖಾರ ಮುಂದೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಎಣ್ಣೆ ಬಾಣಲೆಯಲ್ಲಿದೆ. ನನ್ನ ಕೋಣೆ ಕೊನೆಯದು. ಲ್ಯಾಂಡ್ರಿಯದು ಮೆಟ್ಟಿಲ ಪಕ್ಕ. ಬರುವವರು ಅವನ ಬಾಗಿಲು ದಾಟಿಯೇ ಬರಬೇಕು.

ಕೆಳಗೆ ತಟ್ಟೆಗಳ ಸದ್ದು.

ಮೆಟ್ಟಿಲು ಹತ್ತುತ್ತಿದೆ. ಗೋಡೆ ಅದುರುತ್ತಿದೆ, ಐವರೂ ಇದ್ದಾರೆ.

ನಿಂತಿತು. ಲ್ಯಾಂಡ್ರಿಯ ಬಾಗಿಲ ಹತ್ತಿರ.

ಬಾಗಿಲು ತೆರೆದ ಸದ್ದು. ಮಾತು ಕೇಳುತ್ತಿಲ್ಲ… ನಿನ್ನೆಯ ಕೈ ನನ್ನದು. ನಿನ್ನೆಯ ಏಟೂ ನನ್ನದು. ಜಾಗ ಅವನಿಗೇ ಆದರೂ ಅದು ಹೋಗುವುದಿಲ್ಲ. ಮೀನು ಅವನಿಗೇ ಕೊಟ್ಟರಾಯಿತು.

ಈಗ ಲ್ಯಾಂಡ್ರಿಯ ದನಿ, ಗಟ್ಟಿಯಾಗಿ: “ತಡೀರೋ, ನಂಗೂ ಒಂದು ತಟ್ಟೆ ಕೊಡಿ. ತಾತನಿಗೆ ಪುಸ್ತಕ ಓದಿದ್ ಕೂಲಿ ಬರಬೇಕು.”

ಮತ್ತೆ ಸದ್ದು. ಈ ಕಡೆಗೇ. ಐದಲ್ಲ, ಆರು ತಟ್ಟೆ. ಮೀನು ಐದು ಜನಕ್ಕೆ ತಂದದ್ದು, ಮೋಸ್ ಒಬ್ಬನೇ ಮೂರು ಜನದಷ್ಟು — ಸಾಲದಿದ್ದರೆ ಈಗ ಭಾನುವಾರ ಅಂಗಡಿ ತೆರೆದಿರು… ಬಾಗಿಲು ಬಡಿಯುತ್ತಿದ್ದಾರೆ.