ಹೊಸ್ತಿಲಿಲ್ಲದ ಅರಮನೆ

ಹೊಳಲ್ಕೆರೆ
೧೧-೮-೨೦೨೫, ಸೋಮವಾರ

ಪ್ರೀತಿಯ ತಮ್ಮ ರಾಜಶೇಖರನಿಗೆ,

ಹೇಗಿದ್ದೀಯಪ್ಪ? ಮಸ್ಕತ್ತಿನ ಬಿಸಿಲಿಗೆ ಕ್ರೇನಿನಲ್ಲಿ ಕೂತು ಕೂತು ಕಣ್ಣುರಿ ಅಂತಿದ್ದೆ, ಕಡಿಮೆಯಾಯಿತೇ? ಇಲ್ಲಿ ನಾವೆಲ್ಲ ಕ್ಷೇಮ. ಅವ್ವನ ಮಂಡಿನೋವು ಹಾಗೇ ಇದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜು ನೋಡುವುದಿಲ್ಲ. ಮುರುಗಪ್ಪ ಮಾವ ಮಗನನ್ನು ನೋಡಲು ಆ ಕಡೆಗೇ ಹೊರಟಿದ್ದಾರೆ, ಅವರ ಕೈಲಿ ಇದನ್ನೂ ಶೇಂಗಾ ಚಟ್ನಿಪುಡಿಯನ್ನೂ ಕಳಿಸುತ್ತಿದ್ದೇನೆ. ಪುಡಿ ಇಟ್ಟುಕೊಂಡು ಕಾಗದ ಎಸೆಯಬೇಡ.

ಈಗ ನಿನ್ನ ಅರಮನೆಯ ವಿಷಯಕ್ಕೆ ಬರುತ್ತೇನೆ. ಭಾನುವಾರ ಭಾನುವಾರ ನಾವು ಮೂವರೂ ಕಂಪ್ಯೂಟರಿನೊಳಗಿನ ಆ ಊರಲ್ಲಿ ಒಬ್ಬೊಬ್ಬರೂ ಒಂದೊಂದು ಗೊಂಬೆಯಾಗಿ ಸೇರಿ, ನಿನ್ನ ಜಾಗದಲ್ಲಿ ನಾವೇ ಕಟ್ಟಿಕೊಂಡ ಮನೆಯಲ್ಲಿ ಕೂತು ಮಾತಾಡುತ್ತಿದ್ದೆವಲ್ಲ, ಆ ಮನೆಗೆ ಏನಾಗಿತ್ತು? ಪೆಟ್ಟಿಗೆ, ಕೊಳವೆ, ಗುಂಡು, ಅಲ್ಲಿ ಪುಕ್ಕಟೆ ಸಿಗುವ ಈ ಆಕಾರಗಳನ್ನು ಜೋಡಿಸಿದ್ದು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ, ನಿಜ. ನೋಡಲು ಬೆಂಕಿಪೊಟ್ಟಣದ ಹಾಗಿತ್ತು, ಅದೂ ನಿಜ. ಆದರೆ ಎರಡು ಕೊಳವೆಗಳನ್ನು ಚಪ್ಪಟೆ ಮಾಡಿ ಒಂದರ ಮೇಲೊಂದಿಟ್ಟು ಬೀಸುವ ಕಲ್ಲು ಮಾಡಿದ್ದು ಅವ್ವ. ಉದ್ದನೆಯ ಪೆಟ್ಟಿಗೆ ಮಲಗಿಸಿ ಅರಿಶಿನದ ಬಣ್ಣ ಬಳಿದು ಹೊಸ್ತಿಲು ಮಾಡಿದ್ದೂ ಅವ್ವನೇ. ಗಾಳಿ ಬರಲಿ ಅಂತ ಕಿಟಕಿಯನ್ನು ಆಗಾಗ ಎಳೆದು ಬೇರೆ ಕಡೆ ಇಡುತ್ತಿದ್ದಳು. ಆ ಊರಲ್ಲಿ ಗಾಳಿ ಎಲ್ಲಿಂದ ಬರಬೇಕೋ, ಪಾಪ.

ಅದನ್ನು ನೀನು ಅಳಿಸಿ ಹಾಕಿದೆ. ಅವ್ವನಿಗೆ ಸರ್‌ಪ್ರೈಸ್ ಅಂತೆ. ದುರ್ಗದಲ್ಲಿ ಅದೇನೋ ತ್ರೀಡಿ ಮಾಡೆಲಿಂಗ್ ಕಲಿತು ಬಂದ ನಿನ್ನ ಗೆಳೆಯ, ಆ ಸುದೀಪ ಮಹಾಶಯನ ಕೈಲಿ ಅರಮನೆ ಮಾಡಿಸಿ ಇಳಿಸಿದೆ. ಕಂಬಕ್ಕೆ ಕೆತ್ತನೆ, ನೆಲದಲ್ಲಿ ಮುಖ ಕಾಣುವ ಹೊಳಪು, ಮದುವೆ ಛತ್ರದವರೂ ನಾಚಬೇಕು. ಹೊಸ್ತಿಲು ಮಾತ್ರ ಇಲ್ಲ. ಹಾಕಿ ಕೊಡಪ್ಪ ಅಂತ ಅವನಿಗೆ ಫೋನು ಮಾಡಿದರೆ, “ಅಕ್ಕಾ, ಹೊಸ್ತ್ಲಿದ್ರೆ ನಡೆಯೋ ಗೊಂಬೆಗಳು ಎಡುವ್ತಾವೆ, ಅದಕ್ಕೇ ತೆಗ್ದೀನಿ. ಮನೆಯೆಲ್ಲಾ ಒಂದೇ ಪೀಸು ಐತೆ. ಈಗ ಬೇಕಂದ್ರೆ ಮೊದ್ಲಿಂದ ಮಾಡ್ಬೇಕಾಗ್ತೈತೆ” ಅಂದ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಇಂಥವನ ವಿದ್ಯೆಗೆ ನಾನು ಏನನ್ನಲಿ? ನಾನೇ ಒಂದು ಪೆಟ್ಟಿಗೆ ಇಡೋಣವೆಂದರೆ ಜಾಗ ನಿನ್ನ ಹೆಸರಲ್ಲಿದೆ, ನನಗೆ ಕಡ್ಡಿ ಇಡಲೂ ಅಪ್ಪಣೆಯಿಲ್ಲ.

ನೀನು ಅರಮನೆ ತೋರಿಸಿದ ದಿನ ಅವ್ವ ಅದರ ಬಾಗಿಲವರೆಗೆ ಬಂದು ನಿಂತಳು. “ಹೊಸ್ತ್ಲಿಲ್ಲ ಅಂದ್ಮೇಲೆ ಇದು ನಮ್ಮೋರ ಮನೆಯಲ್ಲ ಕಣೆ. ನಡಿ, ಹೋಗಾಣ” ಅಂದು ಹಿಂದಿರುಗಿದಳು. ನೀನು ಒಳಗೆ ಮಹಾರಾಜನ ಹಾಗೆ ಸೋಫಾದ ಮೇಲೆ ಕೂತು ಕಾಯುತ್ತಿದ್ದೆ. ಒಂದು ಸಲ “ಅವ್ವಾ” ಎಂದಿದ್ದರೆ ಬರುತ್ತಿದ್ದಳು. “ಅವ್ವಂಗೆ ಟೇಸ್ಟೇ ಇಲ್ಲ” ಎಂದು ನನಗೊಂದು ಸಾಲು ಬರೆದು ಮಾಯವಾದೆ. ಹೊಳಪಿಗೆ ಮರುಳಾದವನಿಗೆ ಹೆತ್ತವಳ ಟೇಸ್ಟು ಅಳೆಯುವ ಯೋಗ್ಯತೆ ಬಂದುಬಿಟ್ಟಿತೇ? ನಿನ್ನನ್ನು ಎತ್ತಿ ಆಡಿಸಿದವಳು ನಾನು, ಅದಕ್ಕೇ ಹೇಳುತ್ತಿದ್ದೇನೆ, ನನಗೆ ಬೇಸರವಾಗಿದೆ.

ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣು ನೋಡಿಕೋ. ನಿನ್ನ ಭಾವನೂ ಮಕ್ಕಳೂ ಕೇಳಿದ್ದಾರೆ. ಬಯ್ದರೂ ನನ್ನ ಆಶೀರ್ವಾದ ನಿನಗೆ ಇದ್ದೇ ಇದೆ.

ನಿನ್ನ ಅಕ್ಕ,
ದಿವ್ಯಾ

ಮರೆತಿದ್ದೆ: ಮಾವ ಬಾಗಿಲಲ್ಲೇ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಹೊಸ್ತಿಲು ಕಾಣದ್ದಕ್ಕೆ, ಆ ಊರಿನ ನಮ್ಮ ಮನೆಯನ್ನು ನೀನು ಬೇರೆ ಯಾರಿಗೋ ಮಾರಿಬಿಟ್ಟೆ ಅಂತ ಅವ್ವ ತಿಳಿದಿದ್ದಾಳೆ. “ಕೂಸು ಕೆಲ್ಸ ಕಳ್ಕಂಡೈತೆ, ನಾಚ್ಕೆಗೆ ಫೋನ್ ಎತ್ತಲ್ಲ” ಅನ್ನುತ್ತಾಳೆ. ನಾನು ಇಲ್ಲವೆಂದರೆ ತಮ್ಮನ ಮಾನ ಮುಚ್ಚುತ್ತಿದ್ದೀಯ ಅನ್ನುತ್ತಾಳೆ. ಇವತ್ತು ನಿನ್ನ ಹೆಸರಲ್ಲಿ ಶ್ರಾವಣದ ಉಪವಾಸ. ನೀನು ಬಂದರೆ ಮಲಗಲು ಒಳಕೋಣೆಗೆ ಸುಣ್ಣ ಬಳಿಸಿದ್ದಾಳೆ. ಬಂದಾಗ ಆ ಮಾರಿದ ಮನೆಯ ಸುದ್ದಿ ಯಾರೂ ಎತ್ತಬಾರದೆಂದು ನಮ್ಮೆಲ್ಲರಿಂದ ಆಣೆ ಮಾಡಿಸಿಕೊಂಡಿದ್ದಾಳೆ.